ಚೆಕ್ ಇಂಜಿನ್ ಲೈಟ್ ಬಂತಾ? ಮೊದ್ಲು ಪೆಟ್ರೋಲ್ ಕ್ಯಾಪ್ ನೋಡಿ
ಟ್ಯಾಂಕಲ್ಲಿ ಏಳೋ ಪೆಟ್ರೋಲ್ ಆವಿ ಹೊರಗೆ ಹೋಗ್ಬಾರ್ದು ಅಂತ ಕಾರಲ್ಲಿ ಇದ್ದಿಲು ತುಂಬಿದ ಡಬ್ಬಿ ಇರತ್ತೆ, ಕ್ಯಾನಿಸ್ಟರ್ ಅಂತಾರೆ, ಆವಿನ ಅದು ಹಿಡ್ಕೊಂಡಿರತ್ತೆ, ಆಮೇಲೆ ಇಂಜಿನ್ ಓಡ್ವಾಗ ಕ್ಯಾನಿಸ್ಟರಿಗೂ ಇಂಜಿನ್ನಿಗೂ ನಡುವೆ ಇರೋ ಪರ್ಜ್ ವಾಲ್ವ್ ತೆರೆದು ಇಂಜಿನ್ನೇ ಅದನ್ನ ಎಳ್ಕೊಂಡು ಸುಟ್ಟುಹಾಕತ್ತೆ. ಅಷ್ಟೇ ಕಥೆ.

ಕಾರಿನ ದೋಷದ ಕೋಡ್ ಓದೋ ಸ್ಕ್ಯಾನರಲ್ಲಿ ಪಿ0455 ಅನ್ನೋ ಕೋಡ್ ಬಂದ್ರೆ ಈ ಆವಿ ಹೋಗೋ ದಾರೀಲಿ ಎಲ್ಲೋ ದೊಡ್ಡ ಲೀಕ್ ಅಂತ. ಗಾಬರಿ ಬೇಡ, ಮೊದ್ಲು ಕ್ಯಾಪ್ ಬಿಚ್ಚಿ ರಬ್ಬರ್ ರಿಂಗ್ ಬಿರುಕು ಬಿಟ್ಟಿದ್ಯಾ ನೋಡಿ, ಟಕ್ ಅನ್ನೋವರೆಗೂ ತಿರುಗಿಸಿ ಮುಚ್ಚಿ. ಲೈಟ್ ತಕ್ಷಣ ಆರಲ್ಲ, ಸ್ವಲ್ಪ ದಿನ ಓಡಿಸ್ಬೇಕು.

ಪೆಟ್ರೋಲ್ ಹಾಕಿಸಿದ ತಕ್ಷಣ ಸ್ಟಾರ್ಟ್ ಆಗೋಕೆ ಸತಾಯಿಸ್ತಿದ್ರೆ ನಂಗೆ ಮೊದ್ಲು ಡೌಟು ಪರ್ಜ್ ವಾಲ್ವ್ ಮೇಲೇ. ಬಿಚ್ಚಿ ಗಾಳಿ ಹಾಯಿಸಿ ನೋಡಿ, ಕರೆಂಟ್ ಇಲ್ದಾಗ ಅದು ಮುಚ್ಚಿರ್ಬೇಕು, ಗಾಳಿ ದಾಟಿದ್ರೆ ಬದಲಾಯಿಸಿ.

ಹಾಂ, ಪಂಪ್ ಕಟ್ ಆದ್ಮೇಲೂ ಒತ್ತಿ ಒತ್ತಿ ತುಂಬಿಸ್ಬೇಡಿ, ಪೆಟ್ರೋಲ್ ಕ್ಯಾನಿಸ್ಟರ್ ಒಳಗೇ ನುಗ್ಗಿ ಇದ್ದಿಲು ಹಾಳಾಗತ್ತೆ.