ಪಟ್ಟಿ ಕತ್ತರಿಸುವ ಮೊದಲು ಚರ್ಮ ಎಳೆದು ನೋಡಿ

ಚಪ್ಪಲಿ ಪಟ್ಟಿ, ಬೆಲ್ಟು, ಬ್ಯಾಗಿನ ಹಿಡಿಕೆ ಕೈಯಲ್ಲೇ ಕತ್ತರಿಸುವವರು ಅಳತೆಯ ರಟ್ಟು ಇಡುವ ಮೊದಲು ಚರ್ಮವನ್ನು ಎರಡೂ ಕೈಯಲ್ಲಿ ಹಿಡಿದು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಎಳೆದು ನೋಡಿ. ಯಾವ ಕಡೆ ಕಡಿಮೆ ಹಿಗ್ಗುತ್ತದೋ ಆ ದಿಕ್ಕಿಗೆ ಒಳಮೈ ಮೇಲೆ ಪೆನ್ಸಿಲಿನಲ್ಲಿ ಬಾಣದ ಗುರುತು ಹಾಕಿ. ಪಟ್ಟಿಯ ಉದ್ದ ಆ ಬಾಣದ ಗುಂಟವೇ ಬರಲಿ. ಬೆನ್ನಿನ ಭಾಗದಲ್ಲಿ ನಾರು ಒತ್ತಾಗಿರುತ್ತದೆ, ಕುತ್ತಿಗೆಯಿಂದ ಬಾಲದ ಕಡೆಗೆ ಅಷ್ಟಾಗಿ ಹಿಗ್ಗುವುದಿಲ್ಲ. ಅಡ್ಡ ಕತ್ತರಿಸಿದ ಪಟ್ಟಿ ಹೊಸದರಲ್ಲಿ ಚೆನ್ನಾಗೇ ಕಾಣುತ್ತದೆ, ಆದರೆ ಕಾಲಿಗೆ ಹಾಕಿ ನಡೆದಂತೆ ಸಡಿಲವಾಗಿ ಬೆರಳು ಮುಂದೆ ಜಾರುತ್ತದೆ. ಪಾಪ, ಕೊಂಡವರು ಹೊಲಿಗೆ ಸರಿಯಿಲ್ಲ ಅಂದುಕೊಳ್ಳುತ್ತಾರೆ! ಒಂದು ಜೊತೆಯ ಪಟ್ಟಿಗಳನ್ನು ಅಕ್ಕಪಕ್ಕದ ಜಾಗದಿಂದಲೇ ತೆಗೆಯಿರಿ. ಇಲ್ಲದಿದ್ದರೆ ಎಡಗಾಲಿನದು ಬಿಗಿ, ಬಲಗಾಲಿನದು ಸಡಿಲ ಆಗುತ್ತದೆ. ಹೊಟ್ಟೆ ಕಡೆಯ ಚರ್ಮಕ್ಕೆ ಮಾತ್ರ ಇದು ನಡೆಯುವುದಿಲ್ಲ. ಅದು ಎಲ್ಲ ಕಡೆಗೂ ಜಾಸ್ತಿ ಹಿಗ್ಗುತ್ತದೆ, ಬಾಣ ಹಾಕಿ ಪ್ರಯೋಜನವಿಲ್ಲ. ಅದನ್ನು ಭಾರ ಬೀಳದ ಸಣ್ಣ ತುಂಡುಗಳಿಗೆ ಇಟ್ಟುಕೊಳ್ಳಿ. ರೆಕ್ಸಿನ್ ಆದರೆ ಬೆನ್ನು, ಹೊಟ್ಟೆ ಲೆಕ್ಕವೇ ಇಲ್ಲ, ಹಿಂದಿನ ಬಟ್ಟೆಯ ನೇಯ್ಗೆ ನೋಡಿ ಕತ್ತರಿಸಿ.