ಮಿಡಲ್‌ಮಾರ್ಚ್ ಮತ್ತೆ ಓದಿದೆ, ಈ ಸಲ ಹಿಡಿಸ್ತು

ಜಾರ್ಜ್ ಎಲಿಯಟ್ ಬರೆದ 'ಮಿಡಲ್‌ಮಾರ್ಚ್' ನಾನು ಮೊದಲು ಓದಿದ್ದು ಎಂಎನಲ್ಲಿ, ಪರೀಕ್ಷೆಗೋಸ್ಕರ. (ಹೆಸರು ಗಂಡಸಿಂದು, ಬರೆದೋರು ಹೆಂಗಸು, ಮೇರಿ ಆನ್ ಇವಾನ್ಸ್.) 86 ಅಧ್ಯಾಯದ ಪುಸ್ತಕನ ಪರೀಕ್ಷೆ ತಲೆ ಮೇಲೆ ಕೂತಿರೋವಾಗ ಓದಿದ್ರೆ ಯಾರಿಗೆ ಇಷ್ಟ ಆಗತ್ತೆ ಹೇಳಿ. ಇಪ್ಪತ್ತೂ ತುಂಬದ ಡೊರೊಥಿಯಾ ಅಪ್ಪನ ವಯಸ್ಸಿನ ಕಸೋಬನ್ ಅನ್ನೋ ಒಣ ಪಂಡಿತನ್ನ ಕಟ್ಕೊಂಡು ಒದ್ದಾಡ್ತಾಳೆ, ಅವನು ಸಾಯ್ತಾನೆ, ಅವಳು ಅವನ ನೆಂಟರ ಹುಡುಗ ವಿಲ್‌ನ ಮದುವೆ ಆಗ್ತಾಳೆ, ತಲೇಲಿ ಉಳಿದಿದ್ದು ಇಷ್ಟೇ. ಈಗ ಯಾರಾದ್ರೂ ಒಂದೇ ಒಂದು ಇಂಗ್ಲಿಷ್ ಕಾದಂಬರಿ ಹೇಳಿ ಅಂದ್ರೆ ಇದನ್ನೇ ಹೇಳ್ತೀನಿ.

ಹೇಗೆ ಓದಿದೆ ಅಂದ್ರೆ, ಇದು ಮೊದಲು ಒಂದೇ ದಪ್ಪ ಪುಸ್ತಕವಾಗಿ ಬಂದಿದ್ದಲ್ಲ, 1871ರ ಡಿಸೆಂಬರ್‌ನಿಂದ 1872ರ ಡಿಸೆಂಬರ್ ತನಕ ಎಂಟು ಭಾಗದಲ್ಲಿ ಬಂತು, ಆಗಿನೋರು ಒಂದು ಭಾಗ ಓದಿ ಮುಂದಿಂದಕ್ಕೆ ಕಾಯ್ತಿದ್ರು, ಸರಿ ನಾನೂ ಹಾಗೇ ಮಾಡೋಣ ಅಂತ ಒಂದು ಭಾಗ ಮುಗಿಸೋದು, ಮಧ್ಯ ಬೇರೇನಾದ್ರೂ ಓದೋದು, ಆಮೇಲೆ ಮುಂದಿನ ಭಾಗ. ಪುಸ್ತಕ ಕೊಳ್ಳೋದೂ ಬೇಕಿಲ್ಲ, ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನೋ ವೆಬ್‌ಸೈಟ್‌ನಲ್ಲಿ ಫ್ರೀ ಸಿಗತ್ತೆ, ಮೊಬೈಲಲ್ಲೇ ಓದಿದೆ. ಉದ್ದುದ್ದ ವಾಕ್ಯ ಬಂದಾಗ ಬಾಯ್ಬಿಟ್ಟು ಓದಿದ್ರೆ ಅದರ ಒಳಗಿರೋ ಕುಹಕ ಕೇಳ್ಸತ್ತೆ.

ಒಂದು ಹಾಳೇಲಿ ಸಂಬಂಧಗಳನ್ನ ಬರ್ಕೊಂಡೆ, ಇದು ತುಂಬಾ ಉಪಯೋಗಕ್ಕೆ ಬಂತು. ಬ್ಯಾಂಕರ್ ಬಲ್‌ಸ್ಟ್ರೋಡ್ ಹೆಂಡತಿ ಊರಿನ ಮೇಯರ್ ವಿನ್ಸಿಯ ಒಡಹುಟ್ಟಿದೋಳು, ಮುದುಕ ಫೆದರ್‌ಸ್ಟೋನ್‌ನ ಮೊದಲ ಹೆಂಡತಿ ಗಾರ್ತ್ ಮನೆಯೋಳು, ಎರಡನೆಯೋಳು ವಿನ್ಸಿ ಹೆಂಡತಿಯ ಅಕ್ಕನೋ ತಂಗಿನೋ, ಥೇಟ್ ನಮ್ಮ ಮದುವೆ ಮನೇಲಿ ಯಾರಿಗೆ ಯಾರು ಏನಾಗ್ಬೇಕು ಅಂತ ಕೇಳ್ದಂಗೆ. ಇನ್ನೊಂದು ವಿಷಯ, ಎಲಿಯಟ್ ಮೊದಲು ಎರಡು ಬೇರೆ ಬೇರೆ ಕಥೆ ಶುರು ಮಾಡಿದ್ರಂತೆ, ಡಾಕ್ಟರ್ ಲಿಡ್‌ಗೇಟ್‌ದು ಒಂದು, 'ಮಿಸ್ ಬ್ರೂಕ್' ಅಂತ ಡೊರೊಥಿಯಾದು ಒಂದು, ಆಮೇಲೆ ಎರಡನ್ನೂ ಸೇರಿಸಿ ಹೊಲಿದಿದ್ದು. ಇದು ಗೊತ್ತಿದ್ರೆ ಹತ್ತು ಅಧ್ಯಾಯ ಆದ್ಮೇಲೆ ಇದ್ದಕ್ಕಿದ್ದಂಗೆ ಡಾಕ್ಟರ್ ಬಂದು ಕೂತಾಗ ಡೊರೊಥಿಯಾ ಎಲ್ಲಿ ಹೋದ್ಲು ಅಂತ ರೇಗೋದಿಲ್ಲ.

ಆ ಡಾಕ್ಟರ್ ಕಥೇನ ಕಾಲೇಜಲ್ಲಿ ಹಾರಿಸ್ಕೊಂಡು ಓದಿದ್ದೆ. ಪ್ಯಾರಿಸ್‌ನಲ್ಲಿ ಕಲಿತು ಬಂದೋನು, ತಾನೇ ಔಷಧಿ ಮಾರಲ್ಲ ಅಂತಾನೆ, ಆಗ ಅಲ್ಲಿಯ ಡಾಕ್ಟರುಗಳ ಸಂಪಾದನೆ ನಡೀತಿದ್ದದ್ದೇ ಔಷಧಿ ಬಿಲ್ಲಿಂದ, ಊರವರೆಲ್ಲ ಮುಖ ಸಿಂಡರಿಸ್ತಾರೆ. ಮದುವೆ ಫರ್ನಿಚರ್ ಸಾಲ ಏರಿ ಮನೆ ಬಿಡೋಣ ಅಂದ್ರೆ ಹೆಂಡತಿ ರೋಸಮಂಡ್ ಜಗಳ ಆಡಲ್ಲ, ಕೂಗಾಡಲ್ಲ, ಗಂಡನಿಗೆ ಹೇಳ್ದೆ ಹೋಗಿ ಮನೆ ಬಾಡಿಗೆಗೆ ಕೊಡಿಸೋನ ಹತ್ರ ಬೇಡ ಅಂದು ಬರ್ತಾಳೆ. ಇಎಂಐ ಕಟ್ಟೋ ವಯಸ್ಸಲ್ಲಿ ಇದನ್ನ ಓದಿದ್ರೆ ಹೊಟ್ಟೆ ಹಿಂಡತ್ತೆ ಸ್ವಾಮಿ.

ಆದ್ರೆ ನನ್ನನ್ನ ಪೂರ್ತಿ ಹಿಡಿದಿದ್ದು 42 ಮತ್ತು 74ನೇ ಅಧ್ಯಾಯ. 42ರಲ್ಲಿ ಕಸೋಬನ್‌ಗೆ ಹೃದಯದ ಕಾಯಿಲೆ ಅಂತ ಗೊತ್ತಾಗಿರತ್ತೆ, ಡೊರೊಥಿಯಾ ತೋಳು ಹಿಡಿಯೋಕೆ ಹೋದ್ರೆ ಅವನು ಬಿಗಿಯಾಗೇ ಇರ್ತಾನೆ, ಅವಳು ರೂಮಿಗೆ ಹೋಗಿ ಸಿಟ್ಟಲ್ಲಿ ಕುದೀತಾಳೆ, ಕೊನೆಗೆ ರಾತ್ರಿ ಕತ್ತಲಲ್ಲಿ ಅವನಿಗೋಸ್ಕರ ಕಾಯ್ತಾ ನಿಲ್ತಾಳೆ, ಅವನು ದೀಪ ಹಿಡ್ಕೊಂಡು ಮೇಲೆ ಬಂದೋನು ನೀನು ಚಿಕ್ಕೋಳು, ನಿದ್ದೆಗೆಡಬೇಡ ಅಂತ ಮೆತ್ತಗೆ ಹೇಳ್ತಾನೆ. ಎಲ್ಲಾ ಪುರಾಣಗಳಿಗೂ ಕೀಲಿಕೈ ಬರೀತೀನಿ ಅಂತ ಹೊರಟು ಮುಗಿಸೋಕಾಗದ ಆ ಮನುಷ್ಯನ್ನ ನಾವೆಲ್ಲ ಕ್ಲಾಸಲ್ಲಿ ಆಡ್ಕೊಂಡು ನಕ್ಕಿದ್ವಿ, ಈಗ ಅವನ ಭಯ ಅರ್ಥ ಆಗತ್ತೆ.

74ರಲ್ಲಿ ಬಲ್‌ಸ್ಟ್ರೋಡ್‌ನ ಹಳೇ ಪಾಪ ಊರಿಗೆಲ್ಲ ಗೊತ್ತಾಗಿ, ಹೆಂಡತಿಗೆ ಕೊನೆಗೆ ಗೊತ್ತಾಗತ್ತೆ. ರೂಮ್ ಬಾಗಿಲು ಹಾಕ್ಕೊಂಡು ಅಳ್ತಾಳೆ, ಆಮೇಲೆ ಒಡವೆ ಎಲ್ಲಾ ತೆಗೆದಿಟ್ಟು, ಸಾದಾ ಕಪ್ಪು ಗೌನ್ ಹಾಕ್ಕೊಂಡು ಗಂಡನ ಹತ್ರ ಹೋಗಿ, ತಲೆ ಎತ್ತು ನಿಕೋಲಸ್ ಅಂತಾಳೆ. ಎಷ್ಟು ನಿಜ ಎಷ್ಟು ಸುಳ್ಳು ಅಂತ ಅವಳು ಕೇಳಲ್ಲ, ನಾನು ಮಾಡಿಲ್ಲ ಅಂತ ಅವನೂ ಹೇಳಲ್ಲ, ಇಬ್ರೂ ಕೂತು ಅಳ್ತಾರೆ ಅಷ್ಟೇ. ಕಥೇಲಿ ಅಲ್ಲೀ ತನಕ ಅವಳು ಒಂದು ಮೂಲೇಲಿದ್ದ ಪಾತ್ರ!

ವಿಲ್ ಲ್ಯಾಡಿಸ್ಲಾ ಮಾತ್ರ ಈಗ್ಲೂ ನನಗೆ ಸಪ್ಪೆ, ಗುಂಗುರು ಕೂದಲು ಬಿಟ್ರೆ ಏನಿದೆ ಅವನಲ್ಲಿ. ಶುರು ಮಾಡೋರು ಅಧ್ಯಾಯದ ತಲೆ ಮೇಲಿರೋ ಪದ್ಯಗಳನ್ನ ಬೇಕಾದ್ರೆ ಬಿಡಿ, 35ನೇ ಅಧ್ಯಾಯದ ತನಕ ಹೋಗಿ, ಅಲ್ಲಿ ಫೆದರ್‌ಸ್ಟೋನ್ ಆಸ್ತಿಗೆ ಬಾಯ್ಬಿಟ್ಕೊಂಡು ಕೂತಿರೋ ನೆಂಟರ ಮುಂದೆ ಉಯಿಲು ಓದ್ತಾರೆ, ಅದೂ ಒಂದಲ್ಲ ಎರಡು ಉಯಿಲು. ಅಲ್ಲೂ ನಗು ಬರ್ಲಿಲ್ಲ ಅಂದ್ರೆ ಆರಾಮಾಗಿ ಮುಚ್ಚಿಟ್ಬಿಡಿ.