180 ಎಂಬಿಯ ಕೈಪಿಡಿಯನ್ನು 9 ಎಂಬಿಗೆ ಇಳಿಸಿದ ಬಗೆ

ಯಂತ್ರಗಳ ಬಳಕೆಯ ಕೈಪಿಡಿಗಳನ್ನು ವರ್ಡ್‌ನಲ್ಲಿ ಸಿದ್ಧಪಡಿಸಿಕೊಡುವುದು ನನ್ನ ವೃತ್ತಿ. ಈಚಿನ ಕೈಪಿಡಿಯೊಂದರಲ್ಲಿ ಸುಮಾರು 140 ಪುಟಗಳೂ ತೊಂಬತ್ತರಷ್ಟು ಚಿತ್ರಗಳೂ ಇದ್ದವು. ಫೈಲ್ 180 ಎಂಬಿಯ ಆಸುಪಾಸಿಗೆ ಬೆಳೆದು, ಪ್ರತಿ ಸಲ ಸೇವ್ ಮಾಡುವಾಗಲೂ ಅರ್ಧ ನಿಮಿಷ ಕಾಯಿಸುತ್ತಿತ್ತು. ಚಿತ್ರ ಕೆಡದಂತೆ ಇದನ್ನು ಇಮೇಲ್‌ಗೆ ಲಗತ್ತಿಸುವಷ್ಟು ಇಳಿಸುತ್ತೇನೆಂದಾಗ ಜೊತೆಯವರು ನಕ್ಕು, ಪಿಡಿಎಫ್ ಮಾಡಿ ಕೈತೊಳೆದುಕೊಳ್ಳಿ ಎಂದರು. ಗ್ರಾಹಕರು ಕೇಳಿದ್ದು ಮಾತ್ರ ತಿದ್ದಬಹುದಾದ ಫೈಲನ್ನೇ.

ಮೊದಲು ಜಿಪ್ ಮಾಡಿ ನೋಡಿದೆ. ವರ್ಡ್ ಫೈಲಿನ ಬಗೆಯಾದ ಡಾಕ್ಸ್ ಎಂಬುದೇ ಒಂದು ಜಿಪ್ ಆಗಿರುವುದರಿಂದ ಹೇಳಿಕೊಳ್ಳುವಷ್ಟೇನೂ ಇಳಿಯಲಿಲ್ಲ. ಚಿತ್ರಗಳನ್ನು ಮೂಲೆ ಹಿಡಿದು ಕಿರಿದಾಗಿಸಿದ್ದೂ ಕ್ರಾಪ್ ಮಾಡಿದ್ದೂ ಕಣ್ಣಿಗಷ್ಟೇ ಕಂಡ ಬದಲಾವಣೆ; ಕತ್ತರಿಸಿದ ಭಾಗ ಫೈಲಿನೊಳಗೇ ಕುಳಿತಿತ್ತು. ಬಳಿಕ ಆತುರಪಟ್ಟು ಕಂಪ್ರೆಸ್ ಪಿಕ್ಚರ್ಸ್‌ನಲ್ಲಿ 96 ಪಿಪಿಐ (ಇಂಚಿಗೆ 96 ಪಿಕ್ಸೆಲ್) ಆರಿಸಿ ಸೇವ್ ಮಾಡಿದ್ದೇ ನನ್ನ ದುಬಾರಿ ತಪ್ಪು. ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಂಡಿತು, ಆದರೆ ಮುದ್ರಣವಾಗಿ ಬಂದಾಗ ಗುಂಡಿಗಳ ಮೇಲಿನ ಅಕ್ಷರಗಳು ಓದಲಾಗದಷ್ಟು ಮಸುಕಾಗಿದ್ದವು. ಮರುಮುದ್ರಣದ ವೆಚ್ಚ ನನ್ನ ತಲೆಗೇ ಬಂದು, ಆ ಕೆಲಸದ ಸಂಭಾವನೆಯ ಮೂರನೇ ಒಂದು ಪಾಲು ಅದಕ್ಕೇ ಹೋಯಿತು. ಹಾಗೆ ಸೇವ್ ಆದ ಮೇಲೆ ಕಳೆದ ಪಿಕ್ಸೆಲ್‌ಗಳು ಮರಳಿ ಬರುವುದಿಲ್ಲ. ಹಳೆಯ ಪ್ರತಿಯೊಂದು ಉಳಿದಿದ್ದರಿಂದ ಬಚಾವಾದೆ. ಒಂದು ವರ್ಷಕ್ಕೆ ಚಂದಾ ಕಟ್ಟಿ ತಂದ ತಂತ್ರಾಂಶವೂ ಎಲ್ಲ ಚಿತ್ರಗಳಿಗೂ ಒಂದೇ ಮದ್ದು ಅರೆಯುತ್ತಿದ್ದುದರಿಂದ ಎರಡೇ ತಿಂಗಳಲ್ಲಿ ಮೂಲೆಗೆ ಬಿತ್ತು.

ಕೊನೆಗೆ, ಫೈಲಿನ ನಕಲೊಂದರ ವಿಸ್ತರಣೆಯನ್ನು ಜಿಪ್ ಎಂದು ಬದಲಿಸಿ, ಒಳಗಿನ ವರ್ಡ್ ಫೋಲ್ಡರಿನ ಮೀಡಿಯಾ ಫೋಲ್ಡರ್ ತೆರೆದು, ಚಿತ್ರಗಳನ್ನು ಗಾತ್ರದ ಕ್ರಮದಲ್ಲಿ ಜೋಡಿಸಿದೆ. ತೊಂಬತ್ತರಲ್ಲಿ ಹನ್ನೊಂದೇ ಚಿತ್ರಗಳು ಸುಮಾರು 130 ಎಂಬಿ ನುಂಗಿದ್ದವು! ಅವೆಲ್ಲ ಫೋನಿನ ಫೋಟೋಗಳು. ಬೇರೆ ತಂತ್ರಾಂಶದಲ್ಲಿ ತಿದ್ದಿ, ಕಾಪಿ ಮಾಡಿ ಪೇಸ್ಟ್ ಮಾಡಿದ್ದರಿಂದ ಜೆಪೆಗ್ ಹೋಗಿ, ಫೋಟೋಗಳಿಗೆ ಹೆಚ್ಚು ಜಾಗ ತಿನ್ನುವ ಪಿಎನ್‌ಜಿ ಆಗಿದ್ದವು. ಸಾಲದ್ದಕ್ಕೆ, ಚಿತ್ರಗಳನ್ನು ಕುಗ್ಗಿಸಬೇಡ ಎಂಬ ಆಯ್ಕೆಗೆ ಎಂದೋ ನಾನೇ ಟಿಕ್ ಹಾಕಿ ಮರೆತಿದ್ದೆ.

ಎ4 ಪುಟದ ಎರಡೂ ಬದಿ ಒಂದೊಂದು ಇಂಚು ಅಂಚು ಬಿಟ್ಟರೆ ಉಳಿಯುವ ಅಗಲ 6.27 ಇಂಚು, 220 ಪಿಪಿಐ ಲೆಕ್ಕದಲ್ಲಿ ಅದಕ್ಕೆ 1380 ಪಿಕ್ಸೆಲ್ ಸಾಕು. 4000 ಪಿಕ್ಸೆಲ್ ಅಗಲದ ಫೋಟೋಗಳನ್ನು ಹೊರಗೇ ಕ್ರಾಪ್ ಮಾಡಿ, 1400ಕ್ಕೆ ಇಳಿಸಿ, 80ರ ಗುಣಮಟ್ಟದ ಜೆಪೆಗ್ ಆಗಿಸಿ, ಚೇಂಜ್ ಪಿಕ್ಚರ್ ಮೂಲಕ ಹಳೆಯವುಗಳ ಜಾಗದಲ್ಲಿ ಕೂರಿಸಿದೆ. ಸ್ಕ್ರೀನ್‌ಶಾಟ್‌ಗಳನ್ನು ಪಿಎನ್‌ಜಿಯಾಗಿಯೇ ಉಳಿಸಿ 256 ಬಣ್ಣಗಳಿಗೆ ತಂದು, ಅದೇ ಹೆಸರಿನಲ್ಲಿ ನೇರವಾಗಿ ಮೀಡಿಯಾ ಫೋಲ್ಡರಿಗೇ ಹಾಕಿ, ಎಲ್ಲವನ್ನೂ ಮತ್ತೆ ಜಿಪ್ ಮಾಡಿ ಡಾಕ್ಸ್ ಆಗಿಸಿದೆ. ಮೊದಲ ಯತ್ನದಲ್ಲಿ ಒಳಗಿನ ಫೈಲುಗಳ ಬದಲು ಹೊರಗಿನ ಫೋಲ್ಡರನ್ನೇ ಜಿಪ್ ಮಾಡಿದ್ದರಿಂದ, ಫೈಲ್ ಕೆಟ್ಟಿದೆಯೆಂದು ವರ್ಡ್ ತೆರೆಯಲೇ ಇಲ್ಲ. ವರ್ಡ್‌ನಲ್ಲಿ ಮೊದಲೇ ಕ್ರಾಪ್ ಮಾಡಿದ್ದ ಚಿತ್ರಕ್ಕೆ ಕತ್ತರಿಸಿದ ಪ್ರತಿಯನ್ನು ಹಾಕಿದಾಗ ಅದು ಎರಡನೇ ಸಲ ಕತ್ತರಿಸಿಕೊಂಡಿತು. ಬಣ್ಣ ಇಳಿಸುವ ಮೊದಲು ಸ್ಕ್ರೀನ್‌ಶಾಟ್‌ಗಳಿಗೆ ಮಾಡುವ ಒಂದು ಸಂಸ್ಕಾರವಿದೆ; ಹೊಟ್ಟೆಪಾಡಿನ ವಿಷಯವಾದ್ದರಿಂದ ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ.

ನಡುವೆ ಚಿತ್ರಗಳನ್ನು ಸೇರಿಸದೆ ಲಿಂಕ್ ಮಾತ್ರ ಕೊಟ್ಟೂ ನೋಡಿದೆ. ಫೈಲ್ 1 ಎಂಬಿಗಿಂತ ಕಡಿಮೆಯಾಯಿತು, ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಚಿತ್ರಗಳಿದ್ದ ಕಡೆ ಖಾಲಿ ಚೌಕಗಳು. ಸ್ಕ್ರೀನ್‌ಶಾಟ್‌ಗಳನ್ನು ಜೆಪೆಗ್ ಮಾಡಿದಾಗ ಅಕ್ಷರಗಳ ಸುತ್ತ ಕೊಳೆಯಂತಹ ಕಲೆ ಮೂಡಿತು. ಎಕ್ಸೆಲ್‌ನಿಂದ ತಂದ ಒಂದು ಚಾರ್ಟಿನ ಬೆನ್ನಿಗೆ ಇಡೀ ವರ್ಕ್‌ಬುಕ್ಕೇ ಬಂದು ಕುಳಿತಿತ್ತು. ಅದನ್ನು ಚಿತ್ರವಾಗಿ ಪೇಸ್ಟ್ ಮಾಡಿದ್ದರಿಂದ ಎರಡು ಎಂಬಿಯಷ್ಟು ಇಳಿಯಿತು.

ಕಡೆಗೆ ಫೈಲ್ 9 ಎಂಬಿಗೆ ನಿಂತಿತು, ಮುದ್ರಣದಲ್ಲಿ ಒಂದಕ್ಷರವೂ ಮಸುಕಾಗಲಿಲ್ಲ. ಅದರಲ್ಲಿ 3 ಎಂಬಿ ಒಂದೇ ವೈರಿಂಗ್ ಚಿತ್ರದ್ದು. ಓದುವವರು ಅದನ್ನು ಹಿಗ್ಗಿಸಿ ನೋಡುತ್ತಾರಾದ್ದರಿಂದ ಬೇಕೆಂದೇ ಅದನ್ನು ಮುಟ್ಟಲಿಲ್ಲ.